ಬೇಸ್ ಗಿಟಾರ್: ಕೊಳ್ಳುವ ಮುಂಚೆ, ಕೊಂಡ ಮೇಲೆ

ಬೇಸ್ ಕಲಿಯಬೇಕು ಅಂತ ಬರುವ ಹುಡುಗರು ಮೊದಲು ಕೇಳುವುದು ಒಂದೇ: "ಅಣ್ಣಾ, ಯಾವ ಕಂಪನಿದು ತಗೊಳ್ಳಲಿ?" ನಾನು ತಿರುಗಿ ಕೇಳುತ್ತೇನೆ: "ಯಾರ ಜೋಡಿ ಬಾರಿಸಾಂವ ಅದೀಯೋ ತಮ್ಮಾ?" ಇದಕ್ಕೆ ಉತ್ತರ ಇಟ್ಟುಕೊಳ್ಳದೆ ಅಂಗಡಿಗೆ ಹೋದವರು ಬಣ್ಣ ನೋಡಿ ಕೊಂಡು ಬರುತ್ತಾರೆ.

ನನ್ನದು ಹುಬ್ಬಳ್ಳಿ ಕೇಶ್ವಾಪುರದ ಕಡೆ ಮೋಟರ್ ರೀವೈಂಡಿಂಗ್ ಅಂಗಡಿ. ಸಂಜೆಯಾದರೆ ಬೇಸ್. ಮದುವೆ ಆರ್ಕೆಸ್ಟ್ರಾ, ಗಣಪತಿ ಹಬ್ಬದ ಸ್ಟೇಜು, ಭಾವಗೀತೆ, ಭಜನೆ, ಭಾನುವಾರ ಚರ್ಚಿನ ಕ್ವಾಯರ್, ಯಾರು ಕರೆದರೂ ಹೋಗುತ್ತೇನೆ. ಹಾಗಾಗಿ ಇಲ್ಲಿ ಬರೆದಿರುವುದು ನಮ್ಮ ಕಡೆಯ ಹಾಡುಗಾರರ ಜೊತೆ, ನಮ್ಮ ಕಡೆಯ ಕರೆಂಟಿನಲ್ಲಿ ಬಾರಿಸುವವರಿಗೆ. ದುಡ್ಡಿನ ಲೆಕ್ಕ ಮೊದಲೇ ಹೇಳಿಬಿಡುತ್ತೇನೆ. ಮೊದಲು ಗಿಟಾರ್. ಅದರ ಜೊತೆಗೇ ಒಂದು ಡಿಐ ಬಾಕ್ಸ್ (ಬೇಸ್ ದನಿಯನ್ನು ಮಿಕ್ಸರಿಗೆ ಕಳಿಸುವ ಡಬ್ಬಿ), ಗಟ್ಟಿ ಕೇಬಲ್, ಒಂದು ಸೆಟ್ ಹೊಸ ತಂತಿ. ಆ್ಯಂಪ್ ಆಮೇಲೆ. ಪೆಡಲ್, ಅಂದರೆ ಕಾಲಲ್ಲಿ ಒತ್ತಿ ದನಿ ಬದಲಿಸುವ ಡಬ್ಬಿಗಳು, ಎಲ್ಲಕ್ಕಿಂತ ಆಮೇಲೆ.

ನಾಲ್ಕು ತಂತಿಯೋ, ಐದೋ?

ನಾಲ್ಕು ತಂತಿಯ ಬೇಸ್ ದಪ್ಪ ತಂತಿಯಿಂದ ಇ, ಎ, ಡಿ, ಜಿ. ದಪ್ಪ ಇ ತಂತಿ 41 ಹರ್ಟ್ಸ್. ಐದು ತಂತಿಯದರಲ್ಲಿ ಅದಕ್ಕಿಂತ ಕೆಳಗೆ ಬಿ ಇರುತ್ತದೆ, ಸುಮಾರು 31 ಹರ್ಟ್ಸ್. ಕಲಿಯುವವರಿಗೆ ನಾಲ್ಕೇ ಸಾಕು ಅಂತ ಎಲ್ಲರೂ ಹೇಳುತ್ತಾರೆ. ಅದು ಸರಿ. ಆದರೆ ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನ್ಸೂರರ ಸೀಮೆ ಇದು. ಇಲ್ಲಿ ಹಾಡುವವರು ಸಿ ಮೇಜರ್, ಇ ಮೈನರ್ ಅನ್ನುವುದಿಲ್ಲ. "ಕಪ್ಪು ಒಂದು" ಅನ್ನುತ್ತಾರೆ, ಹಾಡು ಶುರು ಮಾಡುತ್ತಾರೆ.

ಕಪ್ಪು ಒಂದು ಅಂದರೆ ಹಾರ್ಮೋನಿಯಂನ ಮೊದಲ ಕಪ್ಪು ಮನೆ, ಸಿ ಶಾರ್ಪ್. ಗಂಡಸರ ದನಿಗೆ ಇದು ತುಂಬಾ ಸಾಮಾನ್ಯ. ನಾಲ್ಕು ತಂತಿಯಲ್ಲಿ ಇದಕ್ಕೆ ಖಾಲಿ ತಂತಿ ಒಂದೂ ಸಿಗುವುದಿಲ್ಲ. ಅತಿ ಕೆಳಗಿನ ಷಡ್ಜ ಎ ತಂತಿಯ 4ನೇ ಫ್ರೆಟ್ (ಕತ್ತಿನ ಮೇಲಿನ ಅಡ್ಡ ಕಂಬಿ). ಐದು ತಂತಿಯಿದ್ದರೆ ಬಿ ತಂತಿಯ 2ನೇ ಫ್ರೆಟ್‌ನಲ್ಲಿ ಅದಕ್ಕೂ ಒಂದು ಸಪ್ತಕ ಕೆಳಗಿನ ಷಡ್ಜ ಸಿಗುತ್ತದೆ. ಭಜನೆಯಲ್ಲಿ ಅದನ್ನು ಒಮ್ಮೆ ಹಿಡಿದು ನಿಂತರೆ ಹಾಡುವವರು ತಿರುಗಿ ನೋಡುತ್ತಾರೆ.

ಐದು ತಂತಿಗೆ ದುಡ್ಡಿಲ್ಲ, ಅಥವಾ ಅಗಲದ ನೆಕ್ (ಕತ್ತು) ಕೈಗೆ ಹಿಡಿಸುವುದಿಲ್ಲ ಅಂದರೆ ಇನ್ನೊಂದು ದಾರಿ ಇದೆ. ನಾಲ್ಕೂ ತಂತಿಗಳನ್ನು ಅರ್ಧ ಸ್ವರ ಇಳಿಸಿ. ಆಗ ಡಿ ತಂತಿ ಖಾಲಿಯಾಗಿಯೇ ಸಿ ಶಾರ್ಪ್, ಎ ತಂತಿ ಖಾಲಿಯಾಗಿಯೇ ಜಿ ಶಾರ್ಪ್. ಕಪ್ಪು ಒಂದರ ಷಡ್ಜ, ಪಂಚಮ ಎರಡೂ ಖಾಲಿ ತಂತಿಯಲ್ಲೇ ಬಂದವು. ನನ್ನ ಎರಡನೇ ಬೇಸ್ ವರ್ಷವಿಡೀ ಹೀಗೇ ಇರುತ್ತದೆ. ತಂತಿ ಸಡಿಲಾದಾಗ ನೆಕ್ ಸ್ವಲ್ಪ ನೆಟ್ಟಗಾಗುತ್ತದೆ, ತಂತಿ ಫ್ರೆಟ್ಟಿಗೆ ಬಡಿಯಬಹುದು. ಅದರ ಮದ್ದು ಮುಂದೆ ಬರುತ್ತದೆ.

ಹಾರ್ಮೋನಿಯಂ ಇದ್ದರೆ ಇನ್ನೊಂದು ವಿಷಯ. ಹಳೆಯ ಪೆಟ್ಟಿಗೆಯ ರೀಡು ಎಷ್ಟೋ ಸಲ ಸರಿಯಾಗಿ 440ಕ್ಕೆ (ಎ ಸ್ವರದ ಸಾಮಾನ್ಯ ಅಳತೆ, ಹರ್ಟ್ಸ್‌ನಲ್ಲಿ) ಕೂತಿರುವುದಿಲ್ಲ. ಸ್ಟೇಜಿನ ಮೇಲೆ ರೀಡು ಉಜ್ಜುವವರು ಯಾರು? ನೀವೇ ಅವರ ಹತ್ತಿರ ಹೋಗಬೇಕು. ಟ್ಯೂನರ್ ಪೆಡಲ್‌ನಲ್ಲಿ ಈ ಅಳತೆ ಬದಲಿಸಲು ಬರುತ್ತದೆ. ಬಾಸ್ ಕಂಪನಿಯ ಟಿಯು-3ರಲ್ಲಿ 436ರಿಂದ 445ರವರೆಗೆ ಹೋಗುತ್ತದೆ. ಮೊಬೈಲ್ ಆ್ಯಪ್‌ಗಳಲ್ಲೂ ಇದೆ. ಪೇಟಿ ಮಾಸ್ತರರಿಗೆ "ಒಂದ್ ಸಲ ಬಿಳಿ ಆರು ಒತ್ರೀ ಸರ್" ಅಂತ ಕೇಳಿ. ಅದು ಎ ಸ್ವರ. ಅದಕ್ಕೆ ಟ್ಯೂನರ್ ಕೂಡಿಸಿಕೊಳ್ಳಿ.

ಪಿ, ಜೆ, ಮತ್ತೆ ಗುಂಯ್‌ಗುಡುವ ಕಾಯಿಲ್

ಬೇಸ್‌ಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಫೆಂಡರ್ ಕಂಪನಿ 1951ರಲ್ಲಿ ತಂದ ಪ್ರಿಸಿಷನ್ (ಪಿ), 1960ರಲ್ಲಿ ತಂದ ಜಾಝ್ (ಜೆ). ಇವತ್ತು ಬರುವ ಬಹುಪಾಲು ಬೇಸ್‌ಗಳು ಈ ಎರಡರ ಮಕ್ಕಳು ಮೊಮ್ಮಕ್ಕಳೇ. ಪಿ ದನಿ ದುಂಡಗೆ, ಗಟ್ಟಿಯಾಗಿ ಬರುತ್ತದೆ. ಜೆ ನೆಕ್ ತಲೆಯ ಕಡೆ ಸಪೂರ, ಎರಡು ಪಿಕಪ್, ದನಿ ಹೆಚ್ಚು ಬಿಡಿಸಿ ಕೇಳುತ್ತದೆ.

ಕಾಯಿಲ್ ಸುತ್ತುವುದೇ ನನ್ನ ಕಸುಬು, ಅದಕ್ಕೇ ಇಲ್ಲಿ ಒಂದು ಮಾತು ಜಾಸ್ತಿ. ಪಿಕಪ್ ಅಂದರೆ ಅಯಸ್ಕಾಂತದ ಸುತ್ತ ಸುತ್ತಿದ ಸಣ್ಣ ತಾಮ್ರದ ತಂತಿ. ಅದಕ್ಕೆ ನಿಮ್ಮ ಸ್ವರವೂ ಸಿಗುತ್ತದೆ, ಪಕ್ಕದ ಡಿಮ್ಮರ್, ಸೀರಿಯಲ್ ಸೆಟ್ಟಿನ ಗದ್ದಲವೂ ಸಿಗುತ್ತದೆ. ಪಿ ಬೇಸ್‌ನ ಪಿಕಪ್ 1957ರಿಂದ ಎರಡು ತುಂಡು. ಒಂದರ ಸುತ್ತು, ಅಯಸ್ಕಾಂತ ಎರಡೂ ಇನ್ನೊಂದಕ್ಕೆ ಉಲ್ಟಾ. ಹೊರಗಿನ ಗದ್ದಲ ಒಂದಕ್ಕೊಂದು ಹೊಡೆದುಹೋಗುತ್ತದೆ, ಸ್ವರ ಉಳಿಯುತ್ತದೆ. ಜೆ ಬೇಸ್‌ನಲ್ಲಿ ಎರಡೂ ವಾಲ್ಯೂಮ್ ಪೂರ್ತಿ ತೆರೆದಾಗ ಇದೇ ಕೆಲಸ ಆಗುತ್ತದೆ. ಒಂದನ್ನು ಇಳಿಸಿದಿರೋ, ಗುಂಯ್ ಶುರು. ಮದುವೆ ಸ್ಟೇಜಿನ ಲೈಟಿಂಗ್ ನೋಡಿದ್ದೀರಲ್ವಾ? ಅದಕ್ಕೇ ಆರ್ಕೆಸ್ಟ್ರಾದವರಿಗೆ ನಾನು ಪಿ ಪಿಕಪ್ ಇರುವುದನ್ನೇ ಹೇಳುವುದು. ಯಮಹಾ ಟಿಆರ್‌ಬಿಎಕ್ಸ್ 174ರಲ್ಲಿ ಪಿ ಒಂದು, ಜೆ ಒಂದು ಇದೆ, ಬ್ಯಾಟರಿ ಬೇಕಿಲ್ಲ. ಶುರು ಮಾಡುವವರಿಗೆ ಅದು ಬೇಕಾದಷ್ಟಾಯಿತು.

ಬ್ಯಾಟರಿ ಇರುವ ಆ್ಯಕ್ಟಿವ್ ಬೇಸ್ ತಗೊಂಡರೆ, ಬಾರಿಸಿ ಮುಗಿದ ಮೇಲೆ ಕೇಬಲ್ ಕಿತ್ತಿಡಿ. ಕೇಬಲ್ ಚುಚ್ಚಿದ್ದಷ್ಟು ಹೊತ್ತೂ 9 ವೋಲ್ಟ್ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ.

ಸೆಕೆಂಡ್ ಹ್ಯಾಂಡ್ ಆದರೆ, ತಲೆಯ ಕಡೆಯಿಂದ ನೆಕ್ ಉದ್ದಕ್ಕೂ ಒಂದು ಕಣ್ಣು ಮುಚ್ಚಿ ನೋಡಿ. ತಿರುಚಿಕೊಂಡಿದ್ದರೆ ಬೇಡ, ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ. ಎಲ್ಲ ಫ್ರೆಟ್ಟೂ ಒಂದೊಂದಾಗಿ ಬಾರಿಸಿ. ಮಾರುವವರ ಎದುರಿಗೇ ಟ್ರಸ್ ರಾಡ್ (ನೆಕ್ ಒಳಗೆ ಅದರ ಬಾಗು ಹಿಡಿಯುವ ಲೋಹದ ಸಲಾಕೆ) ನಟ್ಟು ತಿರುಗುತ್ತದೆಯೇ ನೋಡಿ. ನಟ್ಟಿನ ಮೂಲೆ ಸವೆದಿದ್ದರೆ ಆ ನೆಕ್‌ನ ಆಯುಷ್ಯ ಮುಗಿದಂತೆ.

ಸೆಟಪ್: ಈ ಕ್ರಮ ತಪ್ಪಿಸಬೇಡಿ

ಹೊಸ ಬೇಸ್ ಡಬ್ಬಿಯಿಂದ ತೆಗೆದ ಕೂಡಲೇ ಬಾರಿಸಲು ಚೆನ್ನಾಗಿರುವುದು ಕಡಿಮೆ. 15 ಸಾವಿರದ ಬೇಸ್ ಸೆಟಪ್ ಆದಮೇಲೆ, ಅಂದರೆ ತಂತಿ, ನೆಕ್ ಎಲ್ಲ ಸರಿ ಮಾಡಿಕೊಂಡ ಮೇಲೆ, ಸೆಟಪ್ ಆಗದ 50 ಸಾವಿರದ್ದಕ್ಕಿಂತ ಕೈಗೆ ಹಗುರ. ಬೇಕಾಗುವುದು ಅಲೆನ್ ಕೀ, ಸ್ಕ್ರೂಡ್ರೈವರ್, ಸ್ಟೀಲ್ ಪಟ್ಟಿ, ಮತ್ತೆ ಬೈಕಿನ ಟ್ಯಾಪೆಟ್ ಸೆಟ್ ಮಾಡುವ ಫೀಲರ್ ಗೇಜ್. ಯಾವ ಗ್ಯಾರೇಜಿನವರ ಹತ್ತಿರವಾದರೂ ಇರುತ್ತದೆ.

ಮೊದಲು ತಂತಿ. 45ರಿಂದ 105ರ ಸೆಟ್ ಸಾಮಾನ್ಯ (ತಂತಿಯ ದಪ್ಪ, ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ). ಒಂದೊಂದೇ ತಂತಿ ಬದಲಿಸಿ, ನಾಲ್ಕನ್ನೂ ಒಟ್ಟಿಗೆ ಬಿಚ್ಚಬೇಡಿ. ತಂತಿಯನ್ನು ತಲೆಯಲ್ಲಿ ಅದು ಸುತ್ತಿಕೊಳ್ಳುವ ಗೂಟದಿಂದ ಸುಮಾರು 4 ಇಂಚು ಮುಂದಕ್ಕೆ ಬಿಟ್ಟು, ಮೊದಲು ಮಡಚಿ, ಆಮೇಲೆ ಕತ್ತರಿಸಿ. ಮಡಚದೆ ಕತ್ತರಿಸಿದರೆ ಹೊರಗಿನ ಸುತ್ತು ಬಿಚ್ಚಿಕೊಳ್ಳಬಹುದು. ತುದಿಯನ್ನು ಗೂಟದ ತೂತಿಗೆ ಇಳಿಸಿ, ಎರಡು ಮೂರು ಸುತ್ತು ಕೆಳಮುಖವಾಗಿ ಬರಲಿ. ಆಮೇಲೆ ನೀವು ಯಾವ ಶ್ರುತಿಯಲ್ಲಿ ಬಾರಿಸುತ್ತೀರೋ ಅದಕ್ಕೇ ಕೂಡಿಸಿ. ಮುಂದಿನ ಅಳತೆಯೆಲ್ಲ ಆ ಶ್ರುತಿಯಲ್ಲೇ.

ಎರಡನೆಯದು ನೆಕ್‌ನ ಬಾಗು. ನೆಕ್ ಪೂರ್ತಿ ನೆಟ್ಟಗಿರಬಾರದು. ತಂತಿ ಅಲುಗಾಡಲು ಜಾಗ ಬೇಕು. ದಪ್ಪ ತಂತಿಯನ್ನು 1ನೇ ಫ್ರೆಟ್‌ನಲ್ಲೂ, ನೆಕ್ ಗಿಟಾರಿನ ಮೈಗೆ ಸೇರುವ ಕಡೆಯ ಫ್ರೆಟ್‌ನಲ್ಲೂ ಒತ್ತಿ ಹಿಡಿಯಿರಿ. ನಡುವೆ 7, 8ನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್ಟಿಗೂ ಎಷ್ಟು ಸಂದಿ ಇದೆ ನೋಡಿ. ಸುಮಾರು 0.3 ಮಿ.ಮೀ. ಇರಲಿ. ಗೇಜ್ ಇಲ್ಲದಿದ್ದರೆ ವಿಸಿಟಿಂಗ್ ಕಾರ್ಡ್ ತೂರಿಸಿ ನೋಡಿ, ಅಂದಾಜು ಸಿಗುತ್ತದೆ. ಸಂದಿ ಜಾಸ್ತಿಯಾಗಿದ್ದರೆ ಟ್ರಸ್ ರಾಡ್ ಬಲಕ್ಕೆ ತಿರುಗಿಸಿ ಬಿಗಿ ಮಾಡಿ. ಸಂದಿ ಇಲ್ಲವೇ ಇಲ್ಲ ಅಂದರೆ ಎಡಕ್ಕೆ ತಿರುಗಿಸಿ ಸಡಿಲಿಸಿ. ಒಂದು ಸಲಕ್ಕೆ ಕಾಲು ಸುತ್ತು ಮಾತ್ರ. ಮತ್ತೆ ಶ್ರುತಿ ಕೂಡಿಸಿ, ಮತ್ತೆ ಅಳೆಯಿರಿ. ಕೀ ಸರಿಯಾದ ಅಳತೆಯದೇ ಇರಲಿ, 4 ಮಿ.ಮೀ. ಬೇಕಾದಲ್ಲಿ ಹತ್ತಿರದ ಇಂಚಿನ ಕೀ ತುರುಕಿದರೆ ನಟ್ಟು ಸವೆಯುತ್ತದೆ. ಜೋರು ಹಾಕಿದರೂ ತಿರುಗುತ್ತಿಲ್ಲ ಅಂದರೆ ಅಲ್ಲಿಗೇ ನಿಲ್ಲಿಸಿ, ಬಲ್ಲವರ ಕೈಗೆ ಕೊಡಿ.

ಈ ಬಾಗು ಹವೆಯ ಜೊತೆ ಬದಲಾಗುತ್ತದೆ. ಮಿರಗದ ಮಳೆ ಹಿಡಿದ ಮೇಲೆ ಮರ ನೀರು ಕುಡಿದು ಬಾಗು ಜಾಸ್ತಿಯಾಗುತ್ತದೆ, ತಂತಿ ಮೇಲೆದ್ದ ಹಾಗೆ ಅನಿಸುತ್ತದೆ. ಮಾರ್ಚ್, ಏಪ್ರಿಲ್ ಒಣಹವೆಯಲ್ಲಿ ಉಲ್ಟಾ, ಜೊತೆಗೆ ಫ್ರೆಟ್ ತುದಿಗಳು ಹೊರಚಾಚಿ ಕೈಗೆ ಗೀರುತ್ತವೆ. ಧಾರವಾಡದಲ್ಲಿ ಮಳೆ ಹುಬ್ಬಳ್ಳಿಗಿಂತ ಜಾಸ್ತಿ, ಗದಗ ಇನ್ನೂ ಒಣ. ಅಂತೂ ವರ್ಷಕ್ಕೆ ಎರಡು ಸಲ ನೋಡಲೇಬೇಕು. ಬೇಸಿಗೆಯಲ್ಲಿ ಕಾರಿನೊಳಗೆ ಬಿಟ್ಟು ಊಟಕ್ಕೆ ಹೋಗಬೇಡಿ.

ಮೂರನೆಯದು ತಂತಿಯ ಎತ್ತರ. 12ನೇ ಫ್ರೆಟ್ ಮೇಲೆ ದಪ್ಪ ತಂತಿ ಸುಮಾರು 2.5 ಮಿ.ಮೀ., ಸಣ್ಣ ತಂತಿ 2 ಮಿ.ಮೀ. ಬ್ರಿಜ್‌ನ ಸ್ಯಾಡಲ್‌ಗಳಲ್ಲಿರುವ ಸಣ್ಣ ಸ್ಕ್ರೂಗಳಿಂದ ಏರಿಸಿ ಇಳಿಸಬಹುದು (ಬ್ರಿಜ್ ಅಂದರೆ ಮೈ ಮೇಲೆ ತಂತಿ ಕಟ್ಟುವ ಲೋಹದ ಪಟ್ಟಿ, ಸ್ಯಾಡಲ್ ಅಂದರೆ ಅದರಲ್ಲಿ ಒಂದೊಂದು ತಂತಿ ಕೂರುವ ತುಂಡು). ಜೋರಾಗಿ ಮೀಟುವ ಕೈ ನಿಮ್ಮದಾದರೆ ಇನ್ನೂ ಸ್ವಲ್ಪ ಏರಿಸಿ. ಆ್ಯಂಪ್ ಇಲ್ಲದೆ ಬಾರಿಸಿದಾಗ ಕೇಳುವ ಸಣ್ಣ ಚರಚರ ಆ್ಯಂಪ್‌ನಲ್ಲಿ ಕೇಳದಿದ್ದರೆ ಬಿಟ್ಟುಬಿಡಿ.

ನಾಲ್ಕನೆಯದು ಇಂಟೊನೇಷನ್, ಅಂದರೆ ಎಲ್ಲ ಫ್ರೆಟ್ಟಿನಲ್ಲೂ ಸ್ವರ ಶ್ರುತಿಗೆ ಸರಿಯಾಗಿ ಬರುವುದು. 12ನೇ ಫ್ರೆಟ್ ಮೇಲೆ ಬೆರಳು ಸುಮ್ನೆ ತಾಗಿಸಿ ಹಾರ್ಮೋನಿಕ್ ಬಾರಿಸಿ, ಟ್ಯೂನರ್ ನೋಡಿ. ಆಮೇಲೆ ಅದೇ ಫ್ರೆಟ್ ಒತ್ತಿ ಬಾರಿಸಿ. ಒತ್ತಿದ ಸ್ವರ ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ. ಹಾರ್ಮೋನಿಯಂ ಜೊತೆ ಬಾರಿಸುವವರು ಇದನ್ನು ಬಿಟ್ಟರೆ, ಮೇಲಿನ ಫ್ರೆಟ್‌ಗಳಲ್ಲಿ ಬೇಸುರ ಆಗುತ್ತದೆ. ಕಿವಿ ಇರುವ ಊರಿದು, ಹಿಂದಿನ ಸಾಲಿನಲ್ಲಿ ಕೂತವರಿಗೂ ಗೊತ್ತಾಗುತ್ತದೆ.

ಕೊನೆಗೆ ಪಿಕಪ್ ಎತ್ತರ. ಕೊನೆಯ ಫ್ರೆಟ್ ಒತ್ತಿ ಹಿಡಿದಾಗ ಪಿಕಪ್‌ಗೂ ತಂತಿಗೂ 2.5ರಿಂದ 3 ಮಿ.ಮೀ. ಇರಲಿ. ತೀರ ಹತ್ತಿರವಾದರೆ ಅಯಸ್ಕಾಂತ ತಂತಿಯನ್ನು ಎಳೆದು ಸ್ವರ ತೂಗಾಡುತ್ತದೆ.

ತಬಲಾ ಜೊತೆ ಬಾರಿಸುವವರಿಗೆ ಒಂದು ಉಪಾಯ. ಡಗ್ಗಾದ (ತಬಲಾದ ಎಡಗೈ ದೊಡ್ಡ ವಾದ್ಯದ) ಗುಮುಕು ಮತ್ತೆ ಬೇಸ್ ಒಂದೇ ಜಾಗಕ್ಕೆ ಜಗಳಾಡುತ್ತವೆ. ಬ್ರಿಜ್ ಹತ್ತಿರ ತಂತಿಗಳ ಕೆಳಗೆ ಒಂದು ಸ್ಪಂಜಿನ ತುಂಡು ಇಡಿ. ಸ್ವರ ಬೇಗ ಆರುತ್ತದೆ, ಡಗ್ಗಾಕ್ಕೆ ಜಾಗ ಸಿಗುತ್ತದೆ. ಹಳೆಯ ಫೆಂಡರ್ ಬೇಸ್‌ಗಳಲ್ಲಿ ಬ್ರಿಜ್ ಮುಚ್ಚಳದೊಳಗೆ ಕಂಪನಿಯವರೇ ಫೋಮ್ ಅಂಟಿಸಿ ಕೊಡುತ್ತಿದ್ದರು.

ಆ್ಯಂಪ್, ಡಿಐ, ಮತ್ತೆ ಅರ್ಥಿಂಗ್

ಮನೆಯಲ್ಲಿ ಅಭ್ಯಾಸಕ್ಕೆ 20, 30 ವಾಟ್ಸ್ ಸಾಕು. ಡ್ರಮ್ಸ್ ಜೊತೆ ಕೇಳಬೇಕಾದರೆ 150ರ ಮೇಲೆ ಬೇಕು. ಲೀಡ್ ಗಿಟಾರಿನ ಆ್ಯಂಪ್‌ಗೆ ಬೇಸ್ ಚುಚ್ಚಿ ಜೋರು ಮಾಡಬೇಡಿ, ಸ್ಪೀಕರಿನ ಕೋನ್ ಹರಿಯುತ್ತದೆ. ಆ್ಯಂಪ್‌ನ ತಲೆ ಬೇರೆ, ಕ್ಯಾಬಿನೆಟ್ (ಸ್ಪೀಕರ್ ಡಬ್ಬಿ) ಬೇರೆ ಇದ್ದರೆ ಓಮ್ಸ್ (ಸ್ಪೀಕರಿನ ತಡೆ) ಲೆಕ್ಕ ಹಾಕಿ. 8 ಓಮ್ಸಿನ ಎರಡು ಕ್ಯಾಬಿನೆಟ್ ಪ್ಯಾರಲಲ್ ಕೊಟ್ಟರೆ 4 ಓಮ್ಸ್. ಆ್ಯಂಪ್ ಹಿಂದೆ ಕನಿಷ್ಠ 4 ಅಂತ ಬರೆದಿದ್ದರೆ ಮೂರನೆಯದನ್ನು ಕೂಡಿಸಬೇಡಿ.

ಆದರೆ ನಮ್ಮ ಕಡೆ ಜನಕ್ಕೆ ಕೇಳುವುದು ನಿಮ್ಮ ಆ್ಯಂಪ್ ಅಲ್ಲ, ಸೌಂಡಿನವರ ಡಬ್ಬಗಳು. ಅದಕ್ಕೇ ಡಿಐ ಬಾಕ್ಸ್ ಮುಖ್ಯ. ಬೇಸ್ ಅದಕ್ಕೆ, ಅಲ್ಲಿಂದ ಮೂರು ಪಿನ್ನಿನ ಮೈಕ್ ಕೇಬಲ್ ಮಿಕ್ಸರಿಗೆ. ದೂರ ಎಳೆದರೂ ಗದ್ದಲ ಅಷ್ಟಾಗಿ ಬರುವುದಿಲ್ಲ. ಬೆರಿಂಜರ್ ಬಿಡಿಐ21 ಕಡಿಮೆ ದುಡ್ಡಿನದು, ಟೋನ್ ತಿರುಗಿಸಲೂ ಬರುತ್ತದೆ. ಸಣ್ಣ ಆ್ಯಂಪ್ ಇದ್ದರೆ ನಿಮಗೆ ಕೇಳಲು ಮಾತ್ರ, ಕುರ್ಚಿ ಮೇಲೆ ಎತ್ತಿಡಿ. ನೆಲದ ಮೇಲಿಟ್ಟರೆ ಮೊಣಕಾಲಿಗೆ ಕೇಳುತ್ತದೆ. ಟೋನ್ ಗುಂಡಿಗಳನ್ನೆಲ್ಲ ನಡುವೆ ಇಟ್ಟು ಶುರು ಮಾಡಿ. ಕಲ್ಯಾಣ ಮಂಟಪಗಳು ಮೊದಲೇ ಗುಂಯ್ ಅನ್ನುತ್ತವೆ. ಅಲ್ಲಿ ಬೇಸ್ ಗುಂಡಿ ಇಳಿಸಿ, ಮಿಡ್ (ನಡುವಿನ ದನಿ) ಸ್ವಲ್ಪ ಏರಿಸಿ. ಯಾವ ಸ್ವರ ಬಾರಿಸಿದಿರಿ ಅಂತ ತಿಳಿಯುವುದು ಮಿಡ್‌ನಿಂದ.

ಈಗ ಕರೆಂಟು. ಬಯಲಿನ ಸ್ಟೇಜು, ಜನರೇಟರ್, ಅರ್ಥಿಂಗ್ ಇಲ್ಲ. ಬೇಸ್ ತಂತಿ ಹಿಡಿದು ಮೈಕಿಗೆ ತುಟಿ ತಾಗಿಸಿದರೆ ಜುಮ್ ಅನ್ನುತ್ತದೆ. ಇದನ್ನು ನಗುತ್ತಾ ಸಹಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಬಾರಿಸುವ ಮೊದಲು ಟೆಸ್ಟರ್ ಹಿಡಿದು ಮೈಕಿನ ಜಾಲರಿ, ನಿಮ್ಮ ತಂತಿ ಎರಡೂ ನೋಡಿ. ಉರಿದರೆ ಬಾರಿಸಬೇಡಿ, ಅರ್ಥ್ ರಾಡ್ ಹೊಡೆಸಿ, ಪ್ಲಗ್‌ನ ಅರ್ಥ್ ತಂತಿ ಕೂಡಿಸಿ ಅಂತ ಹೇಳಿ. ಗುಂಯ್ ಹೋಗಲಿ ಅಂತ ಪ್ಲಗ್‌ನ ಮೂರನೇ ಪಿನ್ ಮುರಿಯುವವರೂ ಇದ್ದಾರೆ, ಅಂಥವರ ಬೋರ್ಡಿಗೆ ನಾನು ಚುಚ್ಚುವುದಿಲ್ಲ. ಗುಂಯ್‌ಗೆ ಡಿಐ ಮೇಲಿರುವ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ. ಅದು ಸಿಗ್ನಲ್ ಕೇಬಲಿನ ಗ್ರೌಂಡ್ ಮಾತ್ರ ಬಿಡಿಸುತ್ತದೆ, ನಿಮ್ಮ ಜೀವ ಉಳಿಸುವ ಅರ್ಥ್ ಹಾಗೇ ಇರುತ್ತದೆ.

ಪೆಡಲ್

ಟ್ಯೂನರ್ ಬೇಕೇ ಬೇಕು. ಆಮೇಲೆ ಕಂಪ್ರೆಸರ್, ಜೋರು ಮೆತ್ತಗೆ ಎರಡನ್ನೂ ಒಂದು ಮಟ್ಟಕ್ಕೆ ತರುತ್ತದೆ. ಓವರ್‌ಡ್ರೈವ್ (ದನಿ ಒರಟು ಮಾಡುವ ಪೆಡಲ್) ತಗೊಂಡರೆ, ಮೂಲ ದನಿಯನ್ನೂ ಬೆರೆಸುವ ಬ್ಲೆಂಡ್ ಗುಂಡಿ ಇರುವುದನ್ನೇ ತಗೊಳ್ಳಿ, ಇಲ್ಲವಾದರೆ ಅದನ್ನು ಒತ್ತಿದ ಕೂಡಲೇ ಕೆಳಗಿನ ದನಿ ಮಾಯ. ಕೋರಸ್, ಒಂದು ದನಿ ಹಲವು ದನಿಯಂತೆ ಕೇಳಿಸುವ ಪೆಡಲ್, ಎಂಬತ್ತರ ದಶಕದ ಸಿನಿಮಾ ಹಾಡುಗಳಿಗೆ ಚೆಂದ. ಟ್ಯೂನರ್, ಕಂಪ್ರೆಸರ್, ಡ್ರೈವ್, ಕೋರಸ್, ಕೊನೆಗೆ ಡಿಐ, ಈ ಸಾಲಿನಲ್ಲಿ ಜೋಡಿಸಿ. ಯಾವುದು ಇಷ್ಟ ಅಂತಲೇ ಗೊತ್ತಿಲ್ಲದವರು ಝೂಮ್ ಬಿ1 ಫೋರ್ ತಗೊಳ್ಳಿ. ಎಲ್ಲ ಪರಿಣಾಮಗಳೂ ಒಂದೇ ಡಬ್ಬಿಯಲ್ಲಿವೆ, 4 ಪೆನ್ಸಿಲ್ ಸೆಲ್‌ನಲ್ಲೂ ನಡೆಯುತ್ತದೆ.

ಬಹುಪಾಲು ಪೆಡಲ್‌ಗಳಿಗೆ ಬೇಕಾದದ್ದು 9 ವೋಲ್ಟ್ ಡಿಸಿ, ಪಿನ್ನಿನ ನಡುವೆ ಮೈನಸ್. ಅಡಾಪ್ಟರಿನ ಮಿಲಿಆಂಪ್ ಪೆಡಲ್ ಕೇಳಿದ್ದಕ್ಕಿಂತ ಜಾಸ್ತಿ ಇದ್ದರೆ ತೊಂದರೆ ಇಲ್ಲ, ವೋಲ್ಟ್ ಮಾತ್ರ ಜಾಸ್ತಿ ಆಗಬಾರದು. ನಿಮ್ಮ ಅಡಾಪ್ಟರಿಗೆ ಬಣ್ಣದ ಟೇಪ್ ಸುತ್ತಿಡಿ. ಪಕ್ಕದಲ್ಲೇ ಬಿದ್ದಿರುವ ಕೀಬೋರ್ಡಿನವರ ಅಡಾಪ್ಟರ್ ಎಷ್ಟೋ ಸಲ 12 ವೋಲ್ಟಿನದು, ನಡುವೆ ಪ್ಲಸ್ ಇರುತ್ತದೆ. ಕತ್ತಲಲ್ಲಿ ಎರಡರ ಪಿನ್ನೂ ಒಂದೇ ಥರ ಕಾಣುತ್ತದೆ.