ಸುರಂಗ ಮೆಟ್ರೊದ ಭಯ: ನಾನು ಹತ್ತಿದ ಮೆಟ್ಟಿಲುಗಳು

ಬೆಂಗಳೂರಿನ ನಮ್ಮ ಮೆಟ್ರೊದ ನೇರಳೆ ಮಾರ್ಗ ಎಂ.ಜಿ. ರಸ್ತೆ ದಾಟಿದ ಕೂಡಲೇ ನೆಲದೊಳಕ್ಕೆ ಇಳಿಯುತ್ತದೆ. ಕಬ್ಬನ್ ಪಾರ್ಕ್, ವಿಧಾನಸೌಧ, ಸೆಂಟ್ರಲ್ ಕಾಲೇಜು, ಮೆಜೆಸ್ಟಿಕ್, ಸಿಟಿ ರೈಲು ನಿಲ್ದಾಣ ಇವೆಲ್ಲ ನೆಲದಡಿ. ಮಾಗಡಿ ರಸ್ತೆ ಬರುವಷ್ಟರಲ್ಲಿ ಮತ್ತೆ ಬೆಳಕು. 2016ರ ಏಪ್ರಿಲ್ ಕೊನೆಗೆ ಶುರುವಾದ ಈ ಭಾಗದ ಉದ್ದ ಸುಮಾರು 5 ಕಿ.ಮೀ. ಅಷ್ಟೇ. ಆದರೂ ಮುಚ್ಚಿದ ಜಾಗಕ್ಕೆ ಹೆದರುವವರು ಇದನ್ನು ತಪ್ಪಿಸಲು ಟ್ರಾಫಿಕ್ಕಿನಲ್ಲಿ ತೆವಳುವ ಬಸ್ಸನ್ನೇ ಆರಿಸಿಕೊಳ್ಳುತ್ತಾರೆ. ನಾನೂ ಆ ಪೈಕಿಯವನೇ. ಚಿಕ್ಕ ಭಯದಿಂದ ದೊಡ್ಡ ಭಯದತ್ತ ಮೆಟ್ಟಿಲು ಮೆಟ್ಟಿಲಾಗಿ ಏರುತ್ತ ಈ ಭಯದ ಮೇಲೆ ಕೆಲಸ ಮಾಡಿದ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಲಿಫ್ಟ್, ಎಂಆರ್‌ಐ ಯಂತ್ರ, ಕಿಕ್ಕಿರಿದ ಛತ್ರದ ಊಟದ ಹಾಲ್ ಇವಕ್ಕೂ ಮೆಟ್ಟಿಲು ಬದಲಿಸಿಕೊಂಡು ಇದನ್ನೇ ಬಳಸಬಹುದು.

ಮೊದಲ ಕೆಲಸ ವೈದ್ಯರದು. ಎದೆ ಹೊಡೆದುಕೊಳ್ಳುವುದು, ಬೆವರು, ಕೈನಡುಕ ಇವು ಥೈರಾಯ್ಡ್ ಹೆಚ್ಚಾದಾಗಲೂ ರಕ್ತಹೀನತೆಯಲ್ಲೂ ಹೃದಯದ ಲಯ ತಪ್ಪಿದಾಗಲೂ ಬರುತ್ತವೆ. ಟಿಎಸ್‌ಎಚ್ (ಥೈರಾಯ್ಡಿನ ರಕ್ತಪರೀಕ್ಷೆ), ಹಿಮೋಗ್ಲೋಬಿನ್, ಒಂದು ಇಸಿಜಿ ಆದರೆ ಸಾಮಾನ್ಯವಾಗಿ ಸಾಕು. ಇದನ್ನು ಒಮ್ಮೆ ಮಾಡಿಸಿ ಮುಗಿಸಬೇಕು. ಪ್ರತಿ ಗಾಬರಿಗೂ ಹೊಸ ಇಸಿಜಿ ಮಾಡಿಸುತ್ತ ಹೋದರೆ ಪರೀಕ್ಷೆಯೇ ಇನ್ನೊಂದು ಚಟವಾಗುತ್ತದೆ.

ಮೈಯಲ್ಲಿ ಏನಾಗುತ್ತದೆ ಎಂಬುದು ಗೊತ್ತಿದ್ದರೆ ಅರ್ಧ ಗೊಂದಲ ಕಳೆಯುತ್ತದೆ. ಅಡ್ರಿನಲಿನ್ ಏರಿ ಉಸಿರು ಜೋರಾಗುತ್ತದೆ. ಬೇಕಾದ್ದಕ್ಕಿಂತ ಹೆಚ್ಚು ಉಸಿರಾಡಿದಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ಬೆರಳ ತುದಿ, ತುಟಿ ಜುಮುಗುಡುವುದು, ತಲೆ ಹಗುರಾಗುವುದು, ಎದುರಿಗಿರುವುದೆಲ್ಲ ನಿಜವಲ್ಲ ಅನ್ನಿಸುವುದು ಇವುಗಳ ಹಿಂದೆ ಬಹುಮಟ್ಟಿಗೆ ಇರುವುದು ಇದೇ. ಉಸಿರು ಕಟ್ಟಿದ ಹಾಗೆ ಅನ್ನಿಸಿದರೂ ಗಾಳಿಯ ಕೊರತೆ ಇರುವುದಿಲ್ಲ. ಗಾಬರಿಯ ಅಲೆ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ಇಳಿಯತೊಡಗುತ್ತದೆ. ತುದಿ ಮುಟ್ಟುವ ಮೊದಲೇ ಮುಂದಿನ ನಿಲ್ದಾಣದಲ್ಲಿ ಇಳಿದುಬಿಟ್ಟರೆ ‘ಇಳಿದದ್ದಕ್ಕೇ ಬದುಕಿದೆ’ ಎಂಬ ಪಾಠವನ್ನು ಮಿದುಳು ಕಲಿಯುತ್ತದೆ. ಭಯವನ್ನು ಸಾಕುವುದು ಈ ಪಾಠವೇ.

ಮೆಟ್ಟಿಲು ಕಟ್ಟುವುದಕ್ಕೆ ಸೊನ್ನೆಯಿಂದ ನೂರರ ಅಳತೆ ಬೇಕು. ದಕ್ಷಿಣ ಆಫ್ರಿಕಾದ ಮನೋವೈದ್ಯ ಜೋಸೆಫ್ ವೋಲ್ಪೆ ಬಳಕೆಗೆ ತಂದ ಅಳತೆ ಇದು: ಸೊನ್ನೆ ಎಂದರೆ ನಿರಾಳ, ನೂರು ಎಂದರೆ ಊಹಿಸಬಹುದಾದ ಅತಿ ದೊಡ್ಡ ಭಯ. ನನ್ನ ಪಟ್ಟಿಯಲ್ಲಿ ಟ್ರಿನಿಟಿಯಿಂದ ಎಂ.ಜಿ. ರಸ್ತೆಗೆ ಮೇಲ್ಸೇತುವೆಯ ಮೇಲಿನ ಒಂದೇ ನಿಲ್ದಾಣದ ಪ್ರಯಾಣಕ್ಕೆ 20. ಕಬ್ಬನ್ ಪಾರ್ಕ್ ನಿಲ್ದಾಣದೊಳಗೆ ಇಳಿದು ಪ್ಲಾಟ್‌ಫಾರ್ಮಿನಲ್ಲಿ ನಿಂತು ಎರಡು ಮೂರು ರೈಲು ಬಿಟ್ಟುಬಿಡುವುದಕ್ಕೆ 35. ಎಂ.ಜಿ. ರಸ್ತೆಯಿಂದ ಕಬ್ಬನ್ ಪಾರ್ಕಿಗೆ 45, ವಿಧಾನಸೌಧಕ್ಕೆ 55, ಮೆಜೆಸ್ಟಿಕ್ಕಿಗೆ 65, ಪೂರ್ತಿ ಸುರಂಗ ದಾಟಿ ಮಾಗಡಿ ರಸ್ತೆಗೆ 75. ಸಂಜೆಯ ನೂಕುನುಗ್ಗಲಲ್ಲಿ ಬೋಗಿಯ ನಡುವೆ ನಿಂತು ಅದೇ ದಾರಿಗೆ 90. ಪ್ಲಾಟ್‌ಫಾರ್ಮಿನಲ್ಲಿ ನಿಲ್ಲುವ ಮೆಟ್ಟಿಲಿಗೆ ಒಂದು ಎಚ್ಚರಿಕೆ: ಟಿಕೆಟ್ ತೋರಿಸಿ ಒಳಹೋದ ಮೇಲೆ ಇರಬಹುದಾದ ಹೊತ್ತಿಗೆ ಮಿತಿಯಿದೆ, ಮೀರಿದರೆ ದಂಡ. ನಿಲ್ದಾಣದ ಸಿಬ್ಬಂದಿಯನ್ನು ಮೊದಲೇ ಕೇಳಿಕೊಳ್ಳಿ.

ನೂರರ ಮೆಟ್ಟಿಲು ಎಂದರೆ ಎರಡು ನಿಲ್ದಾಣಗಳ ನಡುವೆ ರೈಲು ನಿಂತುಬಿಡುವುದು. ಅದನ್ನು ನಾವು ಏರ್ಪಡಿಸಲಾಗದು. ಅದಕ್ಕೆ ಬರವಣಿಗೆಯೇ ದಾರಿ. ರೈಲು ನಿಂತಿದೆ, ಫ್ಯಾನಿನ ಸದ್ದು ಬದಲಾಗಿದೆ, ಪಕ್ಕದವರು ಮೊಬೈಲ್ ನೋಡುತ್ತಿದ್ದಾರೆ, ನನ್ನ ಅಂಗೈ ಒದ್ದೆಯಾಗಿದೆ ಎಂದು ವರ್ತಮಾನ ಕಾಲದಲ್ಲಿ ಒಂದು ಪುಟ ಬರೆದು, ದಿನಕ್ಕೊಮ್ಮೆ ಗಟ್ಟಿಯಾಗಿ ನಿಧಾನಕ್ಕೆ ಓದುವುದು. ಓದಿ ಓದಿ ಬೇಸರ ಬರಬೇಕು, ಬೇಸರವೇ ಇಲ್ಲಿ ಗೆಲುವು. ಪುಟದ ಕೊನೆಗೆ ‘ಎಲ್ಲ ಸರಿಹೋಯಿತು’ ಎಂದು ಸುಖಾಂತ ಬರೆಯಬಾರದು. ರೈಲು ನಿಂತೇ ಇರಲಿ.

ವಾರಕ್ಕೆ ಮೂರು ನಾಲ್ಕು ಸಲವಾದರೂ ಹೋಗಬೇಕು. ವಾರಕ್ಕೊಮ್ಮೆ ಮಾತ್ರ ಹೋದರೆ ನಡುವಿನ ದಿನಗಳಲ್ಲಿ ಕಲ್ಪನೆ ಮತ್ತೆ ಕೊಬ್ಬುತ್ತದೆ. ಶುರುವಿಗೆ ಬೆಳಗಿನ ಗದ್ದಲ ಕಳೆದ ಮೇಲೆ, 11ರಿಂದ 3ರ ನಡುವಿನ ಹೊತ್ತು ಒಳ್ಳೆಯದು. ಒಂದು ಮೆಟ್ಟಿಲಿನ ಅಂಕ ಮೊದಲಿನ ಅರ್ಧಕ್ಕೆ ಇಳಿದರೆ ಮೇಲಕ್ಕೆ ಹೋಗಬಹುದು. ಸೊನ್ನೆಗೆ ಇಳಿಯಲಿ ಎಂದು ಕಾದು ಕೂತರೆ ವರ್ಷ ಕಳೆದೀತು.

ಪ್ರತಿ ಪ್ರಯಾಣಕ್ಕೆ ಮುಂಚೆ ಒಂದು ಸಾಲು ಬರೆದಿಡುತ್ತಿದ್ದೆ: ಏನಾಗುತ್ತದೆ ಎಂದು ಹೆದರುತ್ತಿದ್ದೇನೆ, ಎಷ್ಟು ಖಚಿತ. ‘ಕುಸಿದು ಬೀಳುತ್ತೇನೆ, 80’, ‘ಕಿರುಚಿಬಿಡುತ್ತೇನೆ, 60’. ಇಳಿದ ಮೇಲೆ ಅದರ ಪಕ್ಕದಲ್ಲೇ ಆದದ್ದೇನು ಎಂಬ ಸಾಲು. ‘ತುಂಬಾ ಭಯವಾಯಿತು’ ಎಂದು ಬರೆದರೆ ಕೆಲಸಕ್ಕೆ ಬಾರದು, ಭಯವಾಗುವುದು ಮೊದಲೇ ಗೊತ್ತಿತ್ತಲ್ಲ. ಬಿದ್ದೆನೇ, ಕಿರುಚಿದೆನೇ ಎಂಬುದಕ್ಕೆ ಮಾತ್ರ ಉತ್ತರ ಬೇಕು. ಇಡೀ ಕ್ರಮದಲ್ಲಿ ಒಂದನ್ನೇ ಉಳಿಸಿಕೊಳ್ಳಿ ಎಂದರೆ ನಾನು ಉಳಿಸಿಕೊಳ್ಳುವುದು ಈ ಎರಡು ಸಾಲಿನ ನೋಟ್‌ಬುಕ್ಕನ್ನು.

ಹೆಚ್ಚಿನವರು ಎಡವುವುದು ರಕ್ಷಾಕವಚಗಳಲ್ಲಿ. ಕೈಯಲ್ಲಿ ನೀರಿನ ಬಾಟಲಿ, ಜೇಬಿನಲ್ಲಿ ‘ಬೇಕಾದರೆ ಇರಲಿ’ ಎಂದು ಇಟ್ಟ ಮಾತ್ರೆ, ಬಾಗಿಲ ಪಕ್ಕದ ಜಾಗ, ಕಿವಿಗೆ ಇಯರ್‌ಫೋನ್, ಫೋನಿನಲ್ಲಿ ಮನೆಯವರ ಜೊತೆ ಮಾತು, ಮುಂದಿನ ನಿಲ್ದಾಣಕ್ಕೆ ಇಷ್ಟು ಸೆಕೆಂಡ್ ಎಂಬ ಲೆಕ್ಕ. ಇವು ಇರುವವರೆಗೆ ಗೆಲುವಿನ ಹೆಸರೆಲ್ಲ ಬಾಟಲಿಗೆ ಹೋಗುತ್ತದೆ. ಆಗಲೇ ನೂರಾರು ಸಲ ಸುರಂಗ ದಾಟಿಯೂ ಭಯ ಕದಲದವರು ಇರುವುದು ಇದೇ ಕಾರಣಕ್ಕೆ. ಕವಚಗಳನ್ನೂ ಪಟ್ಟಿ ಮಾಡಿ ಒಂದೊಂದಾಗಿ ಬಿಡಿಸಬೇಕು. ಮೊದಲ ಕೆಲವು ಮೆಟ್ಟಿಲಿಗೆ ಗೆಳೆಯರೊಬ್ಬರು ಜೊತೆಗಿದ್ದರೆ ಅಡ್ಡಿಯಿಲ್ಲ. ಆಮೇಲೆ ಅವರು ಬೇರೆ ಬೋಗಿಯಲ್ಲಿ, ಆಮೇಲೆ ಪ್ಲಾಟ್‌ಫಾರ್ಮಿನಲ್ಲಿ, ಕೊನೆಗೆ ಮನೆಯಲ್ಲಿ. ವೈದ್ಯರು ದಿನವೂ ತೆಗೆದುಕೊಳ್ಳಲು ಬರೆದುಕೊಟ್ಟ ಮಾತ್ರೆಯನ್ನು ಮಾತ್ರ ಸ್ವಂತ ಬುದ್ಧಿಯಿಂದ ನಿಲ್ಲಿಸಕೂಡದು.

ಉಸಿರಿನ ಅಭ್ಯಾಸವೂ ಕವಚವಾಗಬಲ್ಲದು ಎಂದರೆ ಹಲವರಿಗೆ ಹಿಡಿಸುವುದಿಲ್ಲ. ನಿಧಾನ ಉಸಿರು ಒಳ್ಳೆಯದೇ: ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ, ನಿಮಿಷಕ್ಕೆ ಆರು ಉಸಿರು, ದಿನಕ್ಕೆ ಹತ್ತು ನಿಮಿಷ. ಹೊಟ್ಟೆಯ ಮೇಲಿನ ಕೈ ಏರಬೇಕು, ಎದೆಯ ಮೇಲಿನದು ಹೆಚ್ಚು ಅಲ್ಲಾಡಬಾರದು. ಇದನ್ನು ಮನೆಯಲ್ಲಿ, ಬೆಳಿಗ್ಗೆ, ಭಯವಿಲ್ಲದ ಹೊತ್ತಿನಲ್ಲಿ ಮಾಡಿ. ಸುರಂಗದೊಳಗೆ ಗಾಬರಿ ಓಡಿಸಲು ಬಳಸಿದರೆ ‘ಉಸಿರು ಎಣಿಸದಿದ್ದರೆ ಸತ್ತೇ ಹೋಗುತ್ತಿದ್ದೆ’ ಎಂದು ಮಿದುಳು ಬರೆದುಕೊಳ್ಳುತ್ತದೆ. ರೈಲಿನಲ್ಲಿ ಮಾಡಬೇಕಾದದ್ದು ಒಂದೇ: ಭುಜ ಸಡಿಲ ಬಿಟ್ಟು, ಕಣ್ಣು ತೆರೆದು, ಭಯ ಏರಿದ್ದನ್ನೂ ಇಳಿದದ್ದನ್ನೂ ನೋಡುತ್ತ ನಿಲ್ಲುವುದು.

ರೈಲಿಗಿಂತ ಎದೆಬಡಿತಕ್ಕೇ ಹೆಚ್ಚು ಹೆದರುವವರಿಗೆ ಮನೆಯಲ್ಲೇ ಇನ್ನೊಂದು ಅಭ್ಯಾಸವಿದೆ. ನಿಂತಲ್ಲೇ ಒಂದು ನಿಮಿಷ ಓಡುವುದು (ಎದೆ ಬಡಿತ), ತಿರುಗುವ ಕುರ್ಚಿಯಲ್ಲಿ ಒಂದು ನಿಮಿಷ ಸುತ್ತುವುದು (ತಲೆಸುತ್ತು), ಮೂಗು ಮುಚ್ಚಿ ಎಳನೀರಿನ ಸ್ಟ್ರಾದಲ್ಲಿ ಒಂದು ನಿಮಿಷ ಉಸಿರಾಡುವುದು (ಉಸಿರುಕಟ್ಟು). ಆ ಅನುಭವ ತಾನಾಗಿ ತಣಿಯುವವರೆಗೆ ಸುಮ್ಮನೆ ಕೂತು, ಮತ್ತೆ ಮಾಡುವುದು. ಹೃದ್ರೋಗ, ಆಸ್ತಮಾ, ಮೂರ್ಛೆರೋಗ ಇರುವವರು ಮತ್ತು ಗರ್ಭಿಣಿಯರು ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬಾರದು. ಅಂದಹಾಗೆ, ಭಸ್ತ್ರಿಕಾ ಮಾಡುವಾಗ ಗಾಬರಿಯಾಗುತ್ತದೆ ಎಂದು ಪ್ರಾಣಾಯಾಮವನ್ನೇ ಬಿಡುವವರಿದ್ದಾರೆ. ವೇಗದ ಉಸಿರಿನಿಂದ ಬರುವ ಜುಮುಜುಮು ಅದು, ಮೇಲೆ ಹೇಳಿದ ಇಂಗಾಲದ ಡೈಆಕ್ಸೈಡ್ ಲೆಕ್ಕವೇ.

ದಿನಚರಿಯಲ್ಲಿ ನಾನು ಮೊದಲು ಕೈಯಿಟ್ಟದ್ದು ಫಿಲ್ಟರ್ ಕಾಫಿಗೆ. ಕುಡಿದು ಸುಮಾರು ಐದು ಗಂಟೆಯಾದರೂ ಕೆಫೀನಿನ ಅರ್ಧ ಪಾಲು ಮೈಯಲ್ಲೇ ಇರುತ್ತದೆ. ಸಂಜೆ ಐದರ ಲೋಟ ರಾತ್ರಿ ಹತ್ತಕ್ಕೂ ಕೆಲಸ ಮಾಡುತ್ತಿರುತ್ತದೆ. ಒಮ್ಮೆಗೇ ಬಿಟ್ಟರೆ ಎರಡು ಮೂರು ದಿನ ತಲೆನೋವು ಕಾಡುತ್ತದೆ. ಅದಕ್ಕೇ ಡಿಕಾಕ್ಷನ್ನನ್ನು ವಾರಕ್ಕಿಷ್ಟು ಎಂದು ಕಡಿಮೆ ಮಾಡುತ್ತ, ಮಧ್ಯಾಹ್ನ ಹನ್ನೆರಡರ ನಂತರ ನಿಲ್ಲಿಸಿದೆ. ಏಳುವ ಹೊತ್ತು ಭಾನುವಾರವೂ ಒಂದೇ. ದಿನಕ್ಕೆ ಅರ್ಧ ಗಂಟೆ ಮಾತಾಡಬಲ್ಲಷ್ಟು, ಆದರೆ ಹಾಡಲಾಗದಷ್ಟು ವೇಗದ ನಡಿಗೆ.

ಚಿಂತೆಗೂ ಒಂದು ಹೊತ್ತು ಕೊಡಬೇಕು. ಸಂಜೆ ಆರರಿಂದ ಕಾಲು ಗಂಟೆ, ಹಾಸಿಗೆಯಲ್ಲಲ್ಲ, ಕುರ್ಚಿಯಲ್ಲಿ. ದಿನವಿಡೀ ಬಂದ ಚಿಂತೆಯನ್ನು ಎರಡು ಪದದಲ್ಲಿ ಬರೆದು ಆ ಹೊತ್ತಿಗೆ ಮುಂದೂಡುವುದು. ಆರು ಗಂಟೆಗೆ ನಿಜವಾಗಿಯೂ ಕೂರಬೇಕು, ಕೂರದಿದ್ದರೆ ಮರುದಿನ ಮನಸ್ಸು ಮುಂದೂಡಲು ಒಪ್ಪುವುದಿಲ್ಲ. ಮಲಗುವ ಹೊತ್ತಿಗೆ ಹತ್ತಿರ ಇಡಬಾರದು.

ರಕ್ತ, ಸೂಜಿ ನೋಡಿ ತಲೆ ತಿರುಗುವವರಿಗೆ ಇಲ್ಲಿನ ಒಂದು ಮಾತು ಹೊಂದುವುದಿಲ್ಲ. ಸಾಮಾನ್ಯ ಗಾಬರಿಯಲ್ಲಿ ರಕ್ತದೊತ್ತಡ ಏರುತ್ತದೆ, ಹಾಗಾಗಿ ಪ್ರಜ್ಞೆ ತಪ್ಪುವುದು ಅಪರೂಪ. ರಕ್ತದ ಭಯದಲ್ಲಿ ಮಾತ್ರ ಒತ್ತಡ ಏರಿ ಥಟ್ಟನೆ ಇಳಿಯುತ್ತದೆ, ನಿಜಕ್ಕೂ ಬೀಳುತ್ತಾರೆ. ಅವರು ಮೈ ಸಡಿಲ ಬಿಡುವುದರ ಬದಲು ಬಿಗಿಯಬೇಕು. ಸ್ವೀಡನ್ನಿನ ಮನೋವಿಜ್ಞಾನಿ ಲಾರ್ಸ್ ಗೋರಾನ್ ಒಸ್ಟ್ ರೂಪಿಸಿದ ಕ್ರಮ ಇದು: ತೋಳು, ಕಾಲು, ಹೊಟ್ಟೆಯ ಸ್ನಾಯುಗಳನ್ನು ಮುಖ ಬಿಸಿಯಾಗುವವರೆಗೆ 10–15 ಸೆಕೆಂಡ್ ಬಿಗಿಹಿಡಿದು, 20–30 ಸೆಕೆಂಡ್ ಬಿಟ್ಟು, ಐದು ಸಲ.

ನಡುವೆ ಇಳಿದುಬಿಟ್ಟರೆ? ಅಲ್ಲೇ ಪ್ಲಾಟ್‌ಫಾರ್ಮಿನಲ್ಲಿ ನಿಂತು ಮುಂದಿನ ರೈಲು ಹತ್ತಿ, ಒಂದೇ ನಿಲ್ದಾಣವಾದರೂ ಸರಿ. ಆ ದಿನ ಆಗದಿದ್ದರೆ ಒಂದು ಮೆಟ್ಟಿಲು ಕೆಳಗಿಳಿದು ಎರಡು ದಿನದೊಳಗೆ ಮತ್ತೆ ಶುರುಮಾಡಿ. ಎಲ್ಲ ಮೆಟ್ಟಿಲು ಮುಗಿದ ಮೇಲೂ ತಿಂಗಳುಗಟ್ಟಲೆ ಸುರಂಗಕ್ಕೆ ಇಳಿಯದಿದ್ದರೆ, ನಿದ್ದೆಗೆಟ್ಟಾಗ, ಜ್ವರ ಬಂದಾಗ ಭಯ ತಲೆಯೆತ್ತುತ್ತದೆ. ಅದಕ್ಕೇ ಕೆಲಸವಿಲ್ಲದಿದ್ದರೂ ಆಗಾಗ ಮಾಗಡಿ ರಸ್ತೆಯವರೆಗೆ ಹೋಗಿ ಬರುತ್ತೇನೆ, ಒಮ್ಮೊಮ್ಮೆ ಹಸಿರು ಮಾರ್ಗದ ಚಿಕ್ಕಪೇಟೆ, ಕೆ.ಆರ್. ಮಾರುಕಟ್ಟೆಯ ಕಡೆಗೆ, ದಾರಿ ಬದಲಾಗಲಿ ಎಂದು. ಕೆಳಗಿನ ಮೆಟ್ಟಿಲೇ ವಾರಗಟ್ಟಲೆ ಕದಲದಿದ್ದರೆ, ಮನೆಯಿಂದ ಹೊರಡುವುದೇ ಕಷ್ಟವಾದರೆ, ಬದುಕು ಬೇಡ ಅನ್ನಿಸಿದರೆ ಒಬ್ಬರೇ ಹೆಣಗುವುದು ಬೇಡ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.