ಏಳು ಕಿಲೋದೊಳಗಿನ ಸಂಸಾರ

ಸಹಕಾರಿ ಸಂಘಗಳ ಲೆಕ್ಕ ತಪಾಸಣೆ ನನ್ನ ಕಸುಬು. ಮನೆ ಶಿರಸಿಯಲ್ಲಿ, ತಿಂಗಳಲ್ಲಿ ಹತ್ತು ಹನ್ನೆರಡು ರಾತ್ರಿ ಮಾತ್ರ ಬೇರೆ ಊರಿನಲ್ಲಿ. ಸಿದ್ದಾಪುರದ ಒಳಹಳ್ಳಿಯ ಸಂಘಕ್ಕೆ ಯಾರದೋ ಬೈಕಿನ ಹಿಂದೆ ಕುಳಿತು ಹೋಗುವುದಿದೆ, ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗುವ ಬಸ್ಸಿದೆ, ವರ್ಷಕ್ಕೆ ನಾಲ್ಕೈದು ಸಲ ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ವಿಮಾನವೂ ಇದೆ. ಇಷ್ಟಕ್ಕೂ ಒಂದೇ ಬೆನ್ನುಚೀಲ ಸಾಕಾಗಬೇಕೆಂದು ಹಟ ಹಿಡಿದೆ. ಹಟ ಗೆಲ್ಲುವಷ್ಟರಲ್ಲಿ ಒಂದು ಪೆಟ್ಟಿಗೆ, ಎರಡು ಚೀಲ ಅಟ್ಟ ಸೇರಿದ್ದವು.

ಮೊದಲನೆಯದು ಗಾಲಿ ಪೆಟ್ಟಿಗೆ. ನಯವಾದ ನೆಲದ ಮೇಲೆ ಅದು ಸಾಕಿದ ನಾಯಿಯಂತೆ ಹಿಂದೆ ಬರುತ್ತಿತ್ತು, ನಿಜ. ಆದರೆ ಆಷಾಢದ ಕೆಸರಿನಲ್ಲಿ ಗಾಲಿಗೆ ಏನು ಬೆಲೆ? ಸಂಘದ ಅಂಗಳದವರೆಗೆ ಅದನ್ನು ತಲೆಯ ಮೇಲೆ ಹೊತ್ತೆ. ಅದಕ್ಕಿಂತ ದೊಡ್ಡ ಪಾಠ ಕಲಿತದ್ದು ವಿಮಾನ ನಿಲ್ದಾಣದಲ್ಲಿ. ದೇಶದೊಳಗಿನ ಹಾರಾಟಗಳಲ್ಲಿ ಅಗ್ಗದ ದರ್ಜೆಯವರಿಗೆ ಕೈಚೀಲದ ಮಿತಿ ಸಾಮಾನ್ಯವಾಗಿ 7 ಕೆ.ಜಿ., ಅಳತೆ ಹೆಚ್ಚುಕಡಿಮೆ 55×35×25 ಸೆಂ.ಮೀ. ನನ್ನ ಪೆಟ್ಟಿಗೆ ತಕ್ಕಡಿಯ ಮೇಲೆ 9.2 ತೋರಿಸಿತು. ದಂಡ ಕಟ್ಟಿ, ಮನೆಗೆ ಬಂದು ಖಾಲಿ ಪೆಟ್ಟಿಗೆಯನ್ನು ತೂಗಿದರೆ 2.8 ಕೆ.ಜಿ.! ಊರವರ ಲೆಕ್ಕ ತಪಾಸಣೆ ಮಾಡುವವನಿಗೆ ತನ್ನ ಮನೆಯ ಈ ಬಾಬತ್ತೇ ಕಂಡಿರಲಿಲ್ಲ. ಪೆಟ್ಟಿಗೆಯನ್ನು ಹೊರುವುದಕ್ಕೇ ನಾನು ದುಡ್ಡು ಕಟ್ಟಿದ್ದೆ.

ಎರಡನೆಯದು ಚಾರಣಿಗರ 45 ಲೀಟರಿನ ಚೀಲ. ಸೊಂಟಕ್ಕೆ ದಪ್ಪ ಪಟ್ಟಿ, ಬೆನ್ನಿಗೆ ಲೋಹದ ಕಡ್ಡಿ, ಬಾಯಿ ಮೇಲ್ಗಡೆ. ಹದಿನೈದು ಕಿಲೋ ಹೊತ್ತು ಕುಮಾರಪರ್ವತ ಹತ್ತುವವನಿಗೆ ಅದು ಸರಿ. ಸೊಂಟದ ಪಟ್ಟಿಯಿರುವುದೇ ಭಾರವನ್ನು ಭುಜದಿಂದ ಇಳಿಸಿ ಸೊಂಟದ ಮೂಳೆಯ ಮೇಲೆ ಕೂರಿಸಲು. ಆರೇಳು ಕಿಲೋದವನಿಗೆ ಅದು ಬಸ್ಸಿನ ಸೀಟಿಗೆ ಸಿಕ್ಕಿಕೊಳ್ಳುವ ಬಾಲ, ಅಷ್ಟೆ. ಬಾಯಿ ಮೇಲಿದ್ದ ಕಾರಣ ತಳದಲ್ಲಿದ್ದ ಬನಿಯನ್ನಿಗಾಗಿ ಪ್ರತಿ ರಾತ್ರಿ ವಸತಿಗೃಹದ ಮಂಚದ ಮೇಲೆ ಸಂತೆ ಹರಡಬೇಕಾಗುತ್ತಿತ್ತು. ಮೂರನೆಯದು ಅಗ್ಗಕ್ಕೆ ತರಿಸಿದ ಕಾಲೇಜು ಹುಡುಗರ ಚೀಲ. ಹದಿನೇಳು ಜೇಬು! ಎರಡನೇ ಮಳೆಗಾಲಕ್ಕೆ ಅದರ ಒಳಮೈ ಹಾವಿನ ಪೊರೆಯಂತೆ ಸುಲಿಯತೊಡಗಿತು. ಅದರ ಕತೆಗೆ ಆಮೇಲೆ ಬರುತ್ತೇನೆ.

ಮೂರು ಸಲವೂ ನಾನು ಮಾಡಿದ್ದು ಒಂದೇ ತಪ್ಪು: ಚೀಲ ಮೊದಲು ತಂದು, ಅದಕ್ಕೆ ಸಾಮಾನು ಹೊಂದಿಸಿದ್ದು. ನಾಲ್ಕನೆಯ ಸಲ ಮೊದಲು ಸಾಮಾನು ತೂಗಿದೆ. ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ನನ್ನ ಒಳಉಡುಪು ಕಂಡು ಹೆಂಡತಿ ಒಂದು ದಿನ ಮಾತು ಬಿಟ್ಟಳು, ಅದಿರಲಿ. ಲ್ಯಾಪ್‌ಟಾಪ್ ಮತ್ತು ಚಾರ್ಜರ್ 1.7 ಕೆ.ಜಿ.; ಅದರಲ್ಲಿ ಚೌಕಾಸಿಯಿಲ್ಲ. ಚೌಕಾಸಿ ಇದ್ದದ್ದು ಬಟ್ಟೆಯಲ್ಲಿ. ಜೀನ್ಸ್ ಪ್ಯಾಂಟು 700 ಗ್ರಾಂ, ತೆಳು ಹತ್ತಿಯದು 380. ಟರ್ಕಿ ಟವೆಲು ಅರ್ಧ ಕಿಲೋ. ನಮ್ಮ ಬೈರಾಸು 120 ಗ್ರಾಂ, ಫ್ಯಾನಿನ ಕೆಳಗೆ ಹರಡಿದರೆ ಬೆಳಗಾಗುವುದರೊಳಗೆ ಒಣಗಿರುತ್ತದೆ. ಹೊದೆಯುವ ಚಾದರ ಬಿಟ್ಟು ಒಂದು ಪಂಚೆ ಹಾಕಿದೆ: ಉಡಬಹುದು, ಹೊದೆಯಬಹುದು, ವಸತಿಗೃಹದ ದಿಂಬಿನ ವಾಸನೆ ತಡೆಯದಿದ್ದರೆ ಅದರ ಮೇಲೆ ಹಾಸಬಹುದು. ಬಹೂಪಯೋಗಿ ಎಂದರೆ ಇದು, ಹದಿನೇಳು ಜೇಬಲ್ಲ. ಹಾಗೆ ಕಳೆಯುತ್ತ ಬಂದು ಮೂರು ಅಂಗಿ, ಒಂದು ಪ್ಯಾಂಟು, ಚಪ್ಪಲಿ, ಕೊಡೆ, ಕಡತ, ಔಷಧಿ ಎಲ್ಲ ಸೇರಿ 5.36 ಕೆ.ಜಿ.ಗೆ ನಿಂತಿತು. ಮೊದಲ ದಿನ ತೂಗಿದಾಗ ಇದೇ ಗಂಟು 7.9 ಇತ್ತು.

ಈಗ ಚೀಲಕ್ಕೆ ಉಳಿದದ್ದು 1.64 ಕೆ.ಜಿ. ಬರುವಾಗ ಯಾರಾದರೂ ಏನಾದರೂ ಕೊಟ್ಟೇ ಕೊಡುತ್ತಾರಾದ್ದರಿಂದ ಅದಕ್ಕೆ ಅರ್ಧ ಕಿಲೋ ಎತ್ತಿಟ್ಟೆ. ಹಾಗಾಗಿ ಖಾಲಿ ಚೀಲ 1.1 ಕೆ.ಜಿ. ದಾಟುವಂತಿಲ್ಲ. ಈ ಒಂದೇ ಅಂಕಿ ಅಂಗಡಿಯಲ್ಲಿದ್ದ ಚೀಲಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಬದಿಗೆ ತಳ್ಳಿಬಿಟ್ಟಿತು.

ಗಾತ್ರಕ್ಕೆ ರಟ್ಟಿನ ಪೆಟ್ಟಿಗೆಯ ಉಪಾಯ ಮಾಡಿದೆ. ಸೋಪಿನ ಡಬ್ಬಿಗಳು ಬಂದಿದ್ದ ರಟ್ಟಿನ ಪೆಟ್ಟಿಗೆಯ ತಳ 50×32 ಸೆಂ.ಮೀ. ಇತ್ತು. ಸಾಮಾನೆಲ್ಲ ಅದರಲ್ಲಿ ಮಡಚಿಟ್ಟು ಅಂಗೈಯಿಂದ ಒತ್ತಿದರೆ 14 ಸೆಂ.ಮೀ. ಎತ್ತರ ಬಂತು. ಗುಣಿಸಿದರೆ 22.4 ಲೀಟರು. ಮೂಲೆಗಳಲ್ಲಿ ಪೋಲಾಗುವ ಜಾಗ, ಬರುವಾಗಿನ ಗಂಟು ಸೇರಿಸಿ 28 ಲೀಟರು ಸಾಕೆಂದು ತೀರ್ಮಾನಿಸಿದೆ. ವಿಮಾನದವರ ಅಳತೆಯನ್ನು ಗುಣಿಸಿದರೆ 48 ಲೀಟರು ಬರುತ್ತದೆ, ಹಾಗಾಗಿ 40 ಲೀಟರಿನದೇ ಕೊಳ್ಳಿ ಎನ್ನುವವರಿದ್ದಾರೆ. ಆದರೆ ಬಟ್ಟೆ, ಕಾಗದ, ಲ್ಯಾಪ್‌ಟಾಪು ತುಂಬಿದ ಚೀಲ 40 ಲೀಟರು ಮುಟ್ಟುವ ಮೊದಲೇ 7 ಕಿಲೋ ದಾಟಿರುತ್ತದೆ. ಜಾಗವಿದ್ದರೆ ತುಂಬುತ್ತೇವೆ, ನಾನಂತೂ ತುಂಬುತ್ತೇನೆ.

ಅಂಗಡಿಗೆ ಹೋದದ್ದು ಹುಬ್ಬಳ್ಳಿಯ ದುರ್ಗದಬೈಲಿಗೆ, ಕೈಯಲ್ಲಿ ಐದು ಕಿಲೋ ಅಕ್ಕಿಯ ಚೀಲ, ಜೇಬಿನಲ್ಲಿ ಅಳತೆ ಟೇಪು. ಅಂಗಡಿಗಳಲ್ಲಿ ಚೀಲಕ್ಕೆ ಸುಕ್ಕುಗಾಗದ ತುಂಬಿಟ್ಟಿರುತ್ತಾರೆ. ಅದನ್ನು ಬೆನ್ನಿಗೇರಿಸಿ ಕನ್ನಡಿ ನೋಡಿದರೆ ಏನು ತಿಳಿಯುತ್ತದೆ? ಅಕ್ಕಿ ಹಾಕಿ, ಅಂಗಡಿಯ ಮೆಟ್ಟಿಲು ಹತ್ತಿಳಿದೆ. ಒಂದು ಚೀಲದ ಭುಜಪಟ್ಟಿ ಹತ್ತು ನಿಮಿಷಕ್ಕೆ ಕುತ್ತಿಗೆಯ ಬುಡ ಕೊರೆಯಿತು. ಇನ್ನೊಂದರಲ್ಲಿ ಭಾರ ಕೆಳಗೆ ಜೋತು ನನ್ನನ್ನೇ ಹಿಂದಕ್ಕೆ ಎಳೆಯಿತು. ಅಂಗಡಿಯವರು ಮೊದಲು ನಕ್ಕರು, ಆಮೇಲೆ ತಾವೇ ಒಳಗಿನಿಂದ ತೂಕದ ಯಂತ್ರ ತಂದರು.

ಬಾಯಿ ಹೇಗಿರಬೇಕು ಎಂಬುದರಲ್ಲಿ ನನಗೆ ಅನುಮಾನವೇ ಉಳಿದಿರಲಿಲ್ಲ. ಪುಸ್ತಕದಂತೆ ಮೂರು ಬದಿಯೂ ತೆರೆದುಕೊಳ್ಳಬೇಕು. ತೆರೆದರೆ ಒಳಗಿದ್ದದ್ದೆಲ್ಲ ಒಂದೇ ನೋಟಕ್ಕೆ ಕಾಣಬೇಕು. ಲ್ಯಾಪ್‌ಟಾಪಿನ ಅರೆಗೆ ಬೆನ್ನಿನ ಕಡೆಯಿಂದ ಬೇರೆಯೇ ಬಾಯಿ ಬೇಕು, ಭದ್ರತಾ ತಪಾಸಣೆಯಲ್ಲಿ ಅದನ್ನು ಹೊರತೆಗೆದು ತಟ್ಟೆಯಲ್ಲಿಡುವಾಗ ಒಳಬಟ್ಟೆಯ ಪ್ರದರ್ಶನವಾಗಬಾರದು. ಆ ಅರೆಯ ತಳ ಚೀಲದ ತಳಕ್ಕೆ ತಾಗದೆ ಎರಡು ಬೆರಳು ಮೇಲೆ ನಿಲ್ಲಬೇಕು. ಬಸ್ಸಿನಲ್ಲಿ ಯಾರೋ ನಮ್ಮ ಚೀಲವನ್ನು ಸರಿಸಿ ನೆಲಕ್ಕೆ ದೊಪ್ಪೆಂದು ಬಿಟ್ಟಾಗ ಅದರ ಬೆಲೆ ತಿಳಿಯುತ್ತದೆ.

ಜೇಬಿನ ವಿಷಯದಲ್ಲಿ ನನಗೆ ನೆನಪಾದದ್ದು ಅಜ್ಜಿಯ ಕವಳದ ಸಂಚಿ. ಎಲೆಗೊಂದು ಅರೆ, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು. ಕತ್ತಲಲ್ಲೂ ಕೈ ತಪ್ಪುತ್ತಿರಲಿಲ್ಲ. ಅದರಲ್ಲಿ ನಾಲ್ಕೇ ಅರೆಗಳಿದ್ದವು. ನನ್ನ ಚೀಲಕ್ಕೂ ನಾಲ್ಕು ಸಾಕು ಎಂದುಕೊಂಡೆ. ಮೇಲಿನ ಪುಟ್ಟ ಜೇಬಿನಲ್ಲಿ ಪವರ್ ಬ್ಯಾಂಕು, ಗುರುತಿನ ಚೀಟಿ, ಮಾತ್ರೆ. ಪವರ್ ಬ್ಯಾಂಕು ಅಲ್ಲಿರುವುದಕ್ಕೆ ಕಾರಣವಿದೆ. ಅದು ನಮ್ಮ ಜೊತೆಗೇ ಇರಬೇಕು, ಸರಕಿನ ಜೊತೆ ಹೋಗುವಂತಿಲ್ಲ, 100 ವ್ಯಾಟ್-ಗಂಟೆ ದಾಟಿದರೆ ವಿಮಾನದವರ ಒಪ್ಪಿಗೆ ಬೇಕು. ನನ್ನ 20,000 ಎಂಎಎಚ್‌ನದು 3.7 ವೋಲ್ಟಿನ ಲೆಕ್ಕದಲ್ಲಿ 74 ಆಗುತ್ತದೆ, ಚಿಂತೆಯಿಲ್ಲ. ಆದರೆ ವಿಮಾನ ಭರ್ತಿಯಾಗಿ, ಕೊನೆಯ ಗಳಿಗೆಯಲ್ಲಿ ಬಾಗಿಲ ಬಳಿ ನಮ್ಮ ಚೀಲವನ್ನು ಕೆಳಗಿನ ಸರಕಿಗೆ ಹಾಕುತ್ತೇವೆ ಎಂದರೆ, ಸರತಿಯಲ್ಲಿ ನಿಂತೇ ಅದನ್ನು ಹೊರಗೆ ತೆಗೆಯಬೇಕು.

ಇನ್ನು ಬಟ್ಟೆ. ಚೀಟಿಯ ಮೇಲೆ 420ಡಿ, 600ಡಿ ಎಂದೆಲ್ಲ ಬರೆದಿರುತ್ತದೆ. 9,000 ಮೀಟರು ಉದ್ದದ ನೂಲು ಎಷ್ಟು ಗ್ರಾಂ ತೂಗುತ್ತದೆಯೋ ಅಷ್ಟು ಡೆನಿಯರು. ದೊಡ್ಡ ಅಂಕಿಯೆಂದರೆ ದಪ್ಪ ನೂಲು, ಅಷ್ಟೇ. ಒಳ್ಳೆಯ ನೈಲಾನಿನ 420, ಸಾಧಾರಣ ಪಾಲಿಯೆಸ್ಟರಿನ 600ಕ್ಕಿಂತ ಹಗುರವಾಗಿದ್ದೂ ಹೆಚ್ಚು ಬಾಳುವುದುಂಟು. ನಮ್ಮ ಕಡೆ ಚೀಲ ಸಾಯುವುದು ಹರಿದಲ್ಲ. ನೀರು ತಡೆಯಲೆಂದು ಒಳಮೈಗೆ ಪಾಲಿಯುರೆಥೇನ್ ಲೇಪ ಬಳಿದಿರುತ್ತಾರೆ. ಗಾಳಿಯ ತೇವ ವರ್ಷಗಟ್ಟಲೆ ತಾಗಿದರೆ ಆ ಲೇಪ ಒಡೆದು ಮೊದಲು ಅಂಟುತ್ತದೆ, ನಾತ ಹೊಡೆಯುತ್ತದೆ, ಕೊನೆಗೆ ಹೊಟ್ಟಿನಂತೆ ಉದುರುತ್ತದೆ. ಹದಿನೇಳು ಜೇಬಿನ ಚೀಲ ಸತ್ತದ್ದು ಹೀಗೆ: ಮಳೆಗಾಲವಿಡೀ ಒದ್ದೆಯಾಗಿಯೇ ಕಪಾಟಿನೊಳಗೆ ಮಡಚಿಟ್ಟಿದ್ದೆ. ಈಗಿನದನ್ನು ಬಾಯಿ ತೆರೆದು ಬಚ್ಚಲ ಒಲೆಯ ಆಚೆಗೆ, ಬಿಸಿ ನೇರ ತಾಗದಷ್ಟು ದೂರದಲ್ಲಿ ನೇತುಹಾಕುತ್ತೇನೆ. ಸ್ವಲ್ಪ ಹೊಗೆ ವಾಸನೆ ಬರುತ್ತದೆ. ದೆಹಲಿಯ ಸಭೆಯೊಂದರಲ್ಲಿ ಪಕ್ಕದವರು ಮೂಗು ಅರಳಿಸಿ ಅತ್ತಿತ್ತ ನೋಡಿದ್ದೂ ಆಗಿದೆ.

ಮಳೆಗೆ ಚೀಲದ ಜೊತೆ ಬರುವ ಹೊದಿಕೆಯನ್ನು ನಂಬಿ ಒಮ್ಮೆ ಕೆಟ್ಟೆ. ಅದು ಹಿಂಬದಿ ಮುಚ್ಚುತ್ತದೆ. ಬೆನ್ನ ಮೇಲೆ ಇಳಿದ ನೀರು ಬೆನ್ನಿನ ಕಡೆಯಿಂದಲೇ ಒಳಗೆ ಹೋಗುತ್ತದೆ. ಬೈಕಿನ ಮೇಲೆ ನಾನು ಕೊಪ್ಪೆ (ತಲೆಯಿಂದ ಇಳಿಬಿಡುವ ಮಳೆಹೊದಿಕೆ) ಹಾಕಿಕೊಂಡಂತೆ ಚೀಲದ ಮೇಲೆಯೂ ಇಳಿಬಿಡುವುದು ಒಂದು ದಾರಿ. ಅದಕ್ಕಿಂತ ಸುಲಭ, ಒಳಗೇ ಒಂದು ದಪ್ಪ ಪ್ಲಾಸ್ಟಿಕ್ ಚೀಲ ಹಾಸಿ ಅದರೊಳಗೆ ಸಾಮಾನಿಟ್ಟು ಬಾಯಿ ತಿರುಚುವುದು. ತೂಕ 40 ಗ್ರಾಂ. ಇದರ ಇನ್ನೊಂದು ಲಾಭ ತಿಳಿದದ್ದು ಜೋನಿ ಬೆಲ್ಲದ ಬಾಟಲಿಯ ಮುಚ್ಚಳ ಸಡಿಲಾದ ದಿನ. ನೆಂಟರಿಗೆಂದು ಒಯ್ಯುತ್ತಿದ್ದ ಬೆಲ್ಲ ಮೂರು ಅಂಗಿಗಳನ್ನು ಪಾಕದಲ್ಲಿ ಅದ್ದಿತಾದರೂ ಚೀಲಕ್ಕೆ ಒಂದು ಹನಿಯೂ ತಾಗಲಿಲ್ಲ. ಅಂದಿನಿಂದ ವಿಮಾನದಲ್ಲಾದರೆ ಅಚ್ಚು ಬೆಲ್ಲ.

ಕೊನೆಗೆ ಕೊಂಡದ್ದು 28 ಲೀಟರಿನ ಬೂದು ಬಣ್ಣದ್ದು. ಖಾಲಿ ತೂಕ 980 ಗ್ರಾಂ, ತುಂಬಿದಾಗ ದಪ್ಪ 20 ಸೆಂ.ಮೀ. ಜಿಪ್ಪನ್ನು ಅಕ್ಕಿ ತುಂಬಿದ ಮೇಲೂ ಒಂದೇ ಕೈಯಲ್ಲಿ ಮೂಲೆ ತಿರುಗಿಸಿ ನೋಡಿದ್ದೆ, ಎಲ್ಲೂ ತಡೆಯಲಿಲ್ಲ. ಬೆಲೆ 3,800 ರೂಪಾಯಿ. ಹಿಂದಿನ ಮೂರಕ್ಕೆ ಸುರಿದದ್ದು ಇದರ ಎರಡೂವರೆ ಪಟ್ಟು. ನಾಲ್ಕು ಮಳೆಗಾಲ ಕಳೆದಿದೆ.

ದೋಷವಿಲ್ಲವೆಂದಲ್ಲ. ಬದಿಯ ನೀರಿನ ಬಾಟಲಿಯ ಜೇಬು ಒಂದು ಗೇಣೂ ಆಳವಿರಲಿಲ್ಲ. ದೇವಿಮನೆ ಘಟ್ಟದ ತಿರುವೊಂದರಲ್ಲಿ ಸ್ಟೀಲಿನ ಬಾಟಲಿ ಅಟ್ಟಣಿಗೆಯಿಂದ ಹಾರಿ, ನಡುಹಾದಿಯುದ್ದಕ್ಕೂ ಗಣಗಣಿಸುತ್ತ ಉರುಳಿ ಚಾಲಕರ ಸೀಟಿನ ಹಿಂದೆ ಹೋಗಿ ನಿಂತಿತು. ಅವರು ತಿರುಗಿ ನೋಡಿದ ನೋಟ ಇನ್ನೂ ನೆನಪಿದೆ. ಮರುದಿನ ಬಸ್ ನಿಲ್ದಾಣದ ಬಳಿ ಚಪ್ಪಲಿ ಹೊಲಿಯುವವರ ಹತ್ತಿರ ಜೇಬಿಗೆ ನಾಲ್ಕು ಬೆರಳಗಲದ ರೆಕ್ಸಿನ್ ಪಟ್ಟಿ ಹೊಲಿಸಿ, ಅಂಚಿಗೆ ಎಲಾಸ್ಟಿಕ್ ಹಾಕಿಸಿದೆ. ನಲವತ್ತು ರೂಪಾಯಿ, ಹದಿನೆಂಟು ಗ್ರಾಂ.