ಕಡಲಮೊಲವನ್ನು ಮೊಟ್ಟೆಯಿಂದ ಬೆಳೆಸುವುದು ಹೀಗೆ

ಅಪ್ಲೀಸಿಯಾ ಕ್ಯಾಲಿಫೋರ್ನಿಕಾ ಎಂಬ ಕಡಲಮೊಲ ಕ್ಯಾಲಿಫೋರ್ನಿಯಾ ಕರಾವಳಿಯದು. ಹೊರಗೆ ಚಿಪ್ಪು ಕಾಣದ ಬಸವನಹುಳುವಿನ ಜಾತಿ. ಇದರ ನರಕೋಶಗಳಲ್ಲಿ ನೆನಪಿನ ಗುಟ್ಟು ಹುಡುಕಿದ ಎರಿಕ್ ಕ್ಯಾಂಡೆಲ್ ಅವರಿಗೆ 2000ರಲ್ಲಿ ನೊಬೆಲ್ ಬಂತು. ಆದರೆ ಇದನ್ನು ಪ್ರಯೋಗಾಲಯದಲ್ಲೇ ಲಾರ್ವಾದಿಂದ ಮರಿಯಾಗಿಸುವ ದಾರಿ ಅವರ ತಂಡಕ್ಕೂ ಸಿಕ್ಕಿದ್ದು 1974ರ ಹೊತ್ತಿಗೆ. ಎಲ್ಲರನ್ನೂ ಕಾಡಿದ್ದು ಒಂದೇ ಘಟ್ಟ. ಅದು ಮುಂದೆ ಬರುತ್ತದೆ.

ಮೊದಲು, ಬೆಳೆದ ಎರಡು ಪ್ರಾಣಿಗಳನ್ನು ಕಡಲನೀರಿನ ತೊಟ್ಟಿಯಲ್ಲಿ ಒಟ್ಟಿಗೆ ಬಿಡಬೇಕು. ಗಂಡು ಹೆಣ್ಣು ಆರಿಸುವ ಗೋಜಿಲ್ಲ, ಪ್ರತಿಯೊಂದರಲ್ಲೂ ಎರಡೂ ಇವೆ. ಕೂಡಿದ ಮೇಲೆ ಅವು ಶಾವಿಗೆಯಂಥ ಹಳದಿ ಎಳೆ ಇಡುತ್ತವೆ. ಒಂದೇ ಸಿಕ್ಕಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮೊಟ್ಟೆ ಇರಬಹುದು; ನಮಗೆ ಒಂದು ಸಣ್ಣ ತುಂಡು ಸಾಕು. ಅದನ್ನು ಸೋಸಿದ ಕಡಲನೀರಿನಲ್ಲಿಟ್ಟು ಗಾಳಿ ಹಾಯಿಸುತ್ತಿರಬೇಕು. ಹಳದಿ ಕಂದಾಗುತ್ತ ಬಂತೆಂದರೆ ಭ್ರೂಣ ಬೆಳೆಯುತ್ತಿದೆ. ಎಂಟು-ಹತ್ತು ದಿನಕ್ಕೆ ಒಡೆಯುತ್ತವೆ.

ಹೊರಬರುವ ವೆಲಿಜರ್ ಲಾರ್ವಾವನ್ನು ಸೂಕ್ಷ್ಮದರ್ಶಕದಲ್ಲಿ ನೋಡಲೇಬೇಕು. ದೊಡ್ಡದಾದ ಮೇಲೆ ಕಾಣದ ಚಿಪ್ಪು ಈಗ ಸುರುಳಿಯಾಗಿ ಬೆನ್ನ ಮೇಲಿದೆ! ಮುಂದೆ ಚಾಚಿದ ಎರಡು ಹಾಳೆಗಳ ಅಂಚಿನಲ್ಲಿ ಸೂಕ್ಷ್ಮ ರೋಮಗಳು ಬಿಡದೆ ಬಡಿಯುತ್ತವೆ. ಈಜು, ಊಟ ಎರಡೂ ಅವುಗಳಿಂದಲೇ. ಐಸೊಕ್ರೈಸಿಸ್ ಎಂಬ ಏಕಕೋಶ ಪಾಚಿಯನ್ನು ಹದವಾಗಿ ಹಾಕಿ. ಹೆಚ್ಚಾದರೆ ನೀರು ಕೆಡುತ್ತದೆ. ನೀರಿನ ಮೇಲ್ಪದರಕ್ಕೆ ಅಂಟಿದ ಲಾರ್ವಾಕ್ಕೆ ಮತ್ತೆ ಕೆಳಗಿಳಿಯಲು ಆಗುವುದಿಲ್ಲ. ಅದನ್ನು ತಪ್ಪಿಸಲು ನೀರಿನ ಮೇಲೆ ಸೆಟೈಲ್ ಆಲ್ಕೊಹಾಲ್ ಎಂಬ ಮೇಣದಂಥ ವಸ್ತುವಿನ ಚೂರು ಉದುರಿಸುವುದುಂಟು.

ಸುಮಾರು 34 ದಿನ ಹೀಗೆ ಸಾಗಬೇಕು. ತೆವಳುವ ಪಾದ ಮೂಡಿ, ಮೈಯಲ್ಲಿ ಕೆಂಪು ಚುಕ್ಕೆ ಕಂಡರೆ ಲಾರ್ವಾ ಸಿದ್ಧ ಎಂದರ್ಥ. ಕಾಡಿದ ಘಟ್ಟ ಇದೇ. ಎಷ್ಟೇ ಉಣಿಸಿದರೂ ಅದು ತಾನಾಗಿ ರೂಪ ಬದಲಿಸುವುದಿಲ್ಲ. ತಕ್ಕ ಕೆಂಪು ಕಡಲಪಾಚಿ ಬೇಕು. 1974ರ ಕೆಲಸದಲ್ಲಿ ಆ ಬೀಗ ತೆಗೆದದ್ದು ಲಾರೆನ್ಸಿಯಾ ಪೆಸಿಫಿಕಾ. ಪಾಚಿಯ ಚೂರನ್ನು ಇಟ್ಟರೆ ಲಾರ್ವಾ ಅದರ ಮೇಲೆ ಇಳಿದು ಕೂರುತ್ತದೆ, ಈಜುವ ಹಾಳೆ ಕಳೆದುಕೊಳ್ಳುತ್ತದೆ, ಆ ಪಾಚಿಯನ್ನೇ ಮೇಯತೊಡಗುತ್ತದೆ. ತಿಂದ ಬಣ್ಣ ಮೈಗೂ ಹತ್ತಿ ಮರಿ ಕೆಂಪಗಾಗುತ್ತದೆ. ಚಿಪ್ಪು ಮುಂದೆ ಚರ್ಮದಡಿಯ ತೆಳು ತಗಡಾಗಿ ಉಳಿಯುತ್ತದೆ.

ಆಮೇಲಿನದು ಸುಲಭ: ತಂಪು ನೀರು, ತಾಜಾ ಪಾಚಿ. ಸುಮಾರು ಮೂರು ತಿಂಗಳಿಗೆ ಅವೇ ಮೊಟ್ಟೆ ಇಡುತ್ತವೆ. ಒಟ್ಟು ಆಯುಷ್ಯ ಹೆಚ್ಚುಕಡಿಮೆ ಒಂದು ವರ್ಷ. ಸಂತತಿ ನಿಲ್ಲಬಾರದೆಂದರೆ ಮುದಿಯಾಗುವ ಮೊದಲೇ ಹೊಸ ಮೊಟ್ಟೆ-ಎಳೆಯ ತುಂಡನ್ನು ಬೇರೆ ಪಾತ್ರೆಗೆ ಎತ್ತಿಡಿ.